ಬೆಳಕು ಬಿಡುವ ಸೌರ ಗಾಜು: ಎರಡು ಮಳೆಗಾಲಗಳ ನಂತರ

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯ ಮುಂಭಾಗದ ಚಾವಣಿಗೆ ಅರೆಪಾರದರ್ಶಕ ಸೌರ ಫಲಕಗಳನ್ನು ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಎರಡು ಗಾಜುಗಳ ನಡುವೆ ಸಿಲಿಕಾನ್ ಕೋಶಗಳನ್ನು ಬಿಡಿಬಿಡಿಯಾಗಿ ಜೋಡಿಸಿರುವುದರಿಂದ ಸಂದುಗಳಲ್ಲಿ ಬೆಳಕು ಇಳಿಯುತ್ತದೆ. ಹಗಲಿನಲ್ಲಿ ದೀಪ ಬೇಕಿಲ್ಲ, ಕೆಳಗಿಟ್ಟ ಕಾಫಿ ಸಸಿಗಳಿಗೂ ನೆರಳು ಹದವಾಗಿದೆ.

ಕೊಳ್ಳುವಾಗ ಚಿಕ್ಕಮಗಳೂರಿನ ಅಂಗಡಿಯವರು, ಸ್ವಲ್ಪ ಕಾದರೆ ಸಿಲಿಕಾನ್ ಬದಲು ತೆಳುವಾಗಿ ಲೇಪಿಸುವ ಹರಳು ವಸ್ತುವಿನ ಪೆರೋವ್‌ಸ್ಕೈಟ್ ಗಾಜು ಬರುತ್ತದೆ, ಅದರಲ್ಲಿ ಈ ಚೌಕುಳಿ ನೆರಳೂ ಇರುವುದಿಲ್ಲ ಎಂದಿದ್ದರು. 2009ರಲ್ಲಿ ಜಪಾನಿನ ವಿಜ್ಞಾನಿ ಮಿಯಾಸಾಕಾ ಅವರ ತಂಡದ ಕೈಯಲ್ಲಿ ಶೇ 3.8ರಷ್ಟು ದಕ್ಷತೆ (ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲು) ತೋರಿದ ಈ ವಸ್ತು ಪ್ರಯೋಗಾಲಯಗಳಲ್ಲಿ ಈಗ ಶೇ 26ನ್ನು ದಾಟಿದೆಯಾದ್ದರಿಂದ ಅವರ ಉತ್ಸಾಹಕ್ಕೆ ಆಧಾರವಿದೆ. ಆದರೆ ಮಲೆನಾಡಿನಲ್ಲಿ ಮೊದಲು ಕೇಳಬೇಕಾದದ್ದು ಬಾಳಿಕೆಯನ್ನು. ತೇವ ತಗುಲಿದರೆ ಪೆರೋವ್‌ಸ್ಕೈಟ್ ಪದರ ಒಡೆದು ಹಳದಿ ಬಣ್ಣದ ಸೀಸದ ಅಯೋಡೈಡ್ ಉಳಿಯುತ್ತದೆ. ಬೆಳಕು ಹಾಯಬೇಕಾದರೆ ವಿದ್ಯುತ್ತನ್ನು ಒಯ್ಯುವ ಹಿಂಬದಿಯ ಲೋಹದ ಬದಲು ಇಂಡಿಯಂ-ತವರ ಆಕ್ಸೈಡಿನಂಥ ಪಾರದರ್ಶಕ ವಾಹಕವನ್ನು ಲೇಪಿಸಬೇಕಾಗುತ್ತದೆ. ಆ ಲೇಪನದ ರಭಸಕ್ಕೆ ಕೆಳಗಿನ ಮೃದು ಪದರಗಳು ಹಾಳಾಗದಂತೆ ಮೊದಲು ತವರದ ಆಕ್ಸೈಡಿನ ತೆಳು ಪದರವೊಂದನ್ನು ಹೊದಿಸುತ್ತಾರೆ, ಮತ್ತು ಅದೇ ಪದರ ಹೊರಗಿನ ತೇವವನ್ನೂ ಒಳಗಿನಿಂದ ಅಯೋಡಿನ್ ಸೋರುವುದನ್ನೂ ತಡೆಯುತ್ತದೆ. ಪೆರೋವ್‌ಸ್ಕೈಟಿನ ಘಟಕವಾಗಿ, ಬಿಸಿಗೆ ಬೇಗ ಕೆಡುವ ಮೀಥೈಲ್ ಅಮೋನಿಯಂ ಬದಲು ಫಾರ್ಮಮಿಡಿನಿಯಂ, ಸೀಸಿಯಂ ಬಳಸುವುದೂ ಬಾಳಿಕೆಗಾಗಿಯೇ.

ಇಷ್ಟಾದರೂ ನೀರಿಗೆ ಅಂಚಿನ ದಾರಿ ಇದ್ದೇ ಇರುತ್ತದೆ. ಗಾಜನ್ನು ದಾಟದ ತೇವವು ಎರಡು ಗಾಜುಗಳು ಕೂಡುವ ಕಡೆಯಿಂದ ನುಸುಳುವುದರಿಂದ ಅಲ್ಲಿ ಬ್ಯುಟೈಲ್ ರಬ್ಬರಿನ ಮುದ್ರೆ (ಸಂದು ಮುಚ್ಚುವ ಸೀಲ್) ಬೇಕಾಗುತ್ತದೆ. ನಮ್ಮ ಸಿಲಿಕಾನ್ ಫಲಕಗಳೇ ಇದರ ಪಾಠ ಕಲಿಸಿವೆ: ಮೊದಲ ಆಷಾಢದಲ್ಲಿ ಒಂದು ಫಲಕದ ತಂತಿಗಳು ಕೂಡುವ ಜಂಕ್ಷನ್ ಬಾಕ್ಸಿಗೆ ನೀರು ಹೊಕ್ಕು, ಬೆಳಗಿನ ಹೊತ್ತು ಇನ್ವರ್ಟರ್ ನಿಂತುಬಿಡುತ್ತಿತ್ತು. ಅಂಗಡಿಯವರು ಹಣ ಕೇಳದೆ ಬಾಕ್ಸ್ ಬದಲಿಸಿದರು, ನಿಜ. ಬರಲು ಮಾತ್ರ ಮೂರು ವಾರ ತೆಗೆದುಕೊಂಡರು. ಇಳಿಜಾರು ಕಡಿಮೆಯಾದ್ದರಿಂದ ಕೆಳಗಂಚಿನಲ್ಲಿ ಪಾಚಿಯೂ ಕಟ್ಟುತ್ತದೆ.

ಸೌರ ಫಲಕಗಳನ್ನು 85 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 85 ತೇವಾಂಶದಲ್ಲಿ 1000 ಗಂಟೆ ಇಟ್ಟು ಪರೀಕ್ಷಿಸುವ ಕ್ರಮವಿದೆ. ಅದು ಸುಮಾರು 42 ದಿನ; ನಮ್ಮ ಮಳೆಗಾಲ ಅದಕ್ಕಿಂತ ದೀರ್ಘ, ಅಷ್ಟು ಬಿಸಿ ಇಲ್ಲವೆನ್ನುವುದಷ್ಟೇ ಸಮಾಧಾನ. ಪೆರೋವ್‌ಸ್ಕೈಟ್ ಗಾಜು ಅಂಗಡಿಗೆ ಬಂದ ದಿನ ನಾನು ದಕ್ಷತೆಗಿಂತ ಮೊದಲು ಈ ಪರೀಕ್ಷೆಯ ಪ್ರಮಾಣಪತ್ರವನ್ನೂ ಅಂಚಿನ ಮುದ್ರೆಯ ವಿವರವನ್ನೂ ಕೇಳುವೆನು. ಸದ್ಯಕ್ಕೆ ಮತ್ತೆ ಕೊಳ್ಳಬೇಕಾಗಿ ಬಂದರೆ ಇದೇ ಸಿಲಿಕಾನ್ ಗಾಜನ್ನೇ ಕೊಳ್ಳುತ್ತೇನೆ, ಇಳಿಜಾರನ್ನು ಇನ್ನಷ್ಟು ಹೆಚ್ಚಿಸಿ.