ಕ್ಯಾಸ್‌ಜೆವಿ: ಥಲಸ್ಸೇಮಿಯಾ ಮಗುವಿನ ಅಪ್ಪ ಬರೆದ ರಿವ್ಯೂ

ಕ್ಯಾಸ್‌ಜೆವಿ ಅಂದರೆ ಥಲಸ್ಸೇಮಿಯಾಕ್ಕೆ ಬಂದಿರುವ, ರೋಗಿಯ ಸೆಲ್‌ಗಳ ಜೀನಿಗೇ ಕೈ ಹಾಕುವ ಚಿಕಿತ್ಸೆ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾವು ಹಾಕಿಸಿಲ್ಲ. ನನ್ನ ಮಗಳಿಗೆ ಬೀಟಾ ಥಲಸ್ಸೇಮಿಯಾ, ಅಂದರೆ ಜೀನಿನ ದೋಷದಿಂದ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ವಯಸ್ಸು 13. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಜೊತೆಗೆ ದಿನಾ ಕಬ್ಬಿಣದ ಅಂಶ ಇಳಿಸುವ ಮಾತ್ರೆ. ಗುಣವಾಗಲಿ ಅಂತ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ತಯಾರಾಗುವ ಭಾಗ) ಕಸಿ ಮಾಡಿಸೋಣ ಅಂದರೆ ಅವಳ ಅಣ್ಣನದು ಮ್ಯಾಚ್ ಆಗಲಿಲ್ಲ. ಹಾಗಾಗಿ ಹೊಸ ಫೋನ್ ತಗೊಳ್ಳುವವರು ರಿವ್ಯೂ ಹುಡುಕಿ ಓದುತ್ತಾರಲ್ಲ, ಹಾಗೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ.

ಇದರ ಜಾಣತನ ನನಗೆ ತುಂಬಾ ಹಿಡಿಸಿತು. ಕೆಟ್ಟ ಜೀನನ್ನು ರಿಪೇರಿ ಮಾಡಲು ಹೋಗುವುದೇ ಇಲ್ಲ! ಹೊಟ್ಟೆಯಲ್ಲಿರುವ ಮಗುವಿಗೆ ಬೇರೆಯದೇ ಹಿಮೋಗ್ಲೋಬಿನ್ ಇರುತ್ತದೆ, ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನುವ ಜೀನ್ ಅದರ ಬಾಯಿ ಮುಚ್ಚಿಸುತ್ತದೆ. ರೋಗಿಯ ರಕ್ತದಿಂದಲೇ ಸ್ಟೆಮ್ ಸೆಲ್ (ರಕ್ತಕಣಗಳು ಹುಟ್ಟುವ ಮೂಲ ಕೋಶ) ತೆಗೆದು, ಲ್ಯಾಬಿನಲ್ಲಿ ಕ್ರಿಸ್ಪರ್ ಅನ್ನುವ ಜೀನ್ ಕತ್ತರಿಯಿಂದ ಆ ಜೀನಿನ ಸ್ವಿಚ್ಚನ್ನು ಕತ್ತರಿಸಿ, ವಾಪಸ್ ಮೈಗೆ ಏರಿಸುತ್ತಾರೆ. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ಶುರು, ಕೊರತೆಯನ್ನು ಅದೇ ತುಂಬುತ್ತದೆ. ಸೆಲ್ ನಮ್ಮದೇ ಆದ್ದರಿಂದ ದಾನಿ ಬೇಡ, ಬೇರೆಯವರ ಸೆಲ್ ಮೈಮೇಲೆ ತಿರುಗಿಬೀಳುವ ಭಯವೂ ಇಲ್ಲ. ಟ್ರಯಲ್‌ನಲ್ಲಿ ಸಾಕಷ್ಟು ಕಾಲ ಗಮನಿಸಿದ 35 ಥಲಸ್ಸೇಮಿಯಾ ರೋಗಿಗಳಲ್ಲಿ 32 ಮಂದಿ ಕನಿಷ್ಠ ಒಂದು ವರ್ಷ ರಕ್ತವೇ ಹಾಕಿಸಿಕೊಳ್ಳಲಿಲ್ಲ. ಬ್ರಿಟನ್ 2023ರ ನವೆಂಬರ್‌ನಲ್ಲೇ ಒಪ್ಪಿಗೆ ಕೊಟ್ಟಿತು, 12 ವರ್ಷ ದಾಟಿದವರಿಗೆ.

ಆದರೆ "ಒಂದೇ ಸಲದ ಚಿಕಿತ್ಸೆ" ಅಂದರೆ ಒಂದು ಇಂಜೆಕ್ಷನ್ ಅಂದುಕೊಳ್ಳಬೇಡಿ. ಸೆಲ್ ತೆಗೆಯುವುದು, ಅದು ತಯಾರಾಗಿ ಬರಲು ತಿಂಗಳುಗಟ್ಟಲೆ ಕಾಯುವುದು, ಆಮೇಲೆ ಬುಸಲ್ಫಾನ್ ಅನ್ನುವ ಕೀಮೋ ಕೊಟ್ಟು ಹಳೇ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುವುದು. ಹೊಸ ಸೆಲ್‌ಗೆ ಜಾಗ ಬೇಕಲ್ವಾ? ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಆಸ್ಪತ್ರೆಯಲ್ಲಿ ನಾಲ್ಕರಿಂದ ಆರು ವಾರ. ಮುಂದೆ ಮಕ್ಕಳಾಗದೆ ಇರಬಹುದು, ಅದಕ್ಕೆ ಮೊದಲೇ ಅಂಡಾಣು ತೆಗೆದಿಡುವ ಯೋಚನೆಯನ್ನೂ ಮಾಡಬೇಕು. 13ರ ಹುಡುಗಿಯ ಹತ್ತಿರ ಆ ಮಾತು ಹೇಗೆ ಎತ್ತುವುದು? ಅವಳ ಅಮ್ಮ ನೋಡಿಕೊಳ್ಳಲಿ ಅಂತ ನಾನಂತೂ ಸುಮ್ನೆ ಜಾರಿಕೊಂಡಿದ್ದೇನೆ.

ಇನ್ನು ಬೆಲೆ. ಅಮೆರಿಕದಲ್ಲಿ 22 ಲಕ್ಷ ಡಾಲರ್, ಬಂದ ಹೊಸದರ ಲೆಕ್ಕದಲ್ಲಿ 18 ಕೋಟಿ ರೂಪಾಯಿ ದಾಟುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯೇ ಖರ್ಚು ಹೊರಲು 2024ರಲ್ಲಿ ಒಪ್ಪಿತು. ನಾವು ಮನೆ ಮಾರಿದರೂ ಒಂದು ಕೋಟಿ ಹುಟ್ಟುವುದಿಲ್ಲ ಬಿಡಿ.

ಐಡಿಯಾಗೆ ಐದಕ್ಕೆ ಐದು ಸ್ಟಾರ್. ಕೀಮೋಗೆ ಎರಡು ಕಳೆಯುತ್ತೇನೆ. ಬೆಲೆಗೆ ಎಷ್ಟು ಕಳೆಯಬೇಕೋ ಗೊತ್ತಾಗದೆ, ಮೂರಕ್ಕೇ ನಿಲ್ಲಿಸಿದ್ದೇನೆ.