ಸೆಕೆಯ ನಾಡಿನಲ್ಲಿ ಮಾಗಿದ 21 ವರ್ಷದ ರಮ್

ದುಬೈಯಿಂದ ರಜೆಗೆ ಬಂದ ಭಾವ ತಂದುಕೊಟ್ಟ ಆಪಲ್‌ಟನ್ ಎಸ್ಟೇಟ್ 21 ರಮ್ಮನ್ನು ಕಂಕನಾಡಿಯ ನಮ್ಮ ಮನೆಯಲ್ಲಿ, ಮಳೆ ಬಿಡದ ಒಂದು ಸಂಜೆ ತೆರೆದೆವು. ಜಮೈಕಾದ ನಸ್ಸಾವು ಕಣಿವೆಯ ಈ ಎಸ್ಟೇಟಿನಲ್ಲಿ ರಮ್ ತಯಾರಿಕೆಯ ದಾಖಲೆ 1749ರಷ್ಟು ಹಳೆಯದು. ಪರಂಪರೆ ಎಂದು ಹೊಗಳುವಾಗ ರಮ್ಮಿಗೆ ಬೇಕಾದ ಕಬ್ಬು ಬೆಳೆದ ಅಂದಿನ ತೋಟಗಳಲ್ಲಿ ದುಡಿದವರು ಗುಲಾಮರು ಎಂಬುದನ್ನು ಮರೆಯಲಾಗದು. 1997ರಲ್ಲಿ ಇಲ್ಲಿ ಮಾಸ್ಟರ್ ಬ್ಲೆಂಡರ್ (ಬೇರೆ ಬೇರೆ ಪೀಪಾಯಿಗಳ ರಮ್ಮನ್ನು ಬೆರೆಸಿ ರುಚಿಯ ಹದ ನಿರ್ಧರಿಸುವ ಮುಖ್ಯಸ್ಥೆ) ಆದ ಜಾಯ್ ಸ್ಪೆನ್ಸ್ ಅವರ ಹೆಸರು ಈ ರಮ್ಮಿನೊಂದಿಗೆ ಬೆಸೆದುಕೊಂಡಿದೆ.

21 ಎಂಬುದು ಮಿಶ್ರಣದಲ್ಲಿರುವ ಅತಿ ಎಳೆಯ ರಮ್ಮಿನ ವಯಸ್ಸು. ನಮ್ಮ ಕರಾವಳಿಯಂತೆಯೇ ಸೆಕೆಯಿರುವ ಆ ನಾಡಿನಲ್ಲಿ ಓಕ್ ಪೀಪಾಯಿಯೊಳಗಿನ ಮದ್ಯವು ಸ್ಕಾಟ್ಲೆಂಡಿನ ಚಳಿಯಲ್ಲಿರುವುದಕ್ಕಿಂತ ಬಹಳ ಬೇಗ ಆವಿಯಾಗುವುದರಿಂದ, ಇಷ್ಟು ಕಾಲ ಕಾದ ಮೇಲೆ ಉಳಿಯುವುದು ಸ್ವಲ್ಪವೇ. ದುಬಾರಿ ಬೆಲೆಗೆ ಅದೂ ಒಂದು ಕಾರಣ.

ಮೂಗಿಗೆ ಮೊದಲು ಸಿಗುವುದು ಒಣಗಿದ ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಬಳಿಕ ನಮ್ಮೂರ ಓಲೆಬೆಲ್ಲದ ಹೊಗೆಮಿಶ್ರಿತ ಕಂಪು. ಶೇಕಡಾ 43ರಷ್ಟು ಆಲ್ಕೋಹಾಲಿನ ಖಾರ ಗಂಟಲನ್ನು ಸುಡುವುದಿಲ್ಲ. ಕೊನೆಯಲ್ಲಿ ಮರದ ಒಗರು ತುಸು ಹೆಚ್ಚೇ ಆಯಿತೆಂದು ನನಗನ್ನಿಸಿತು, ಭಾವ ಒಪ್ಪಲಿಲ್ಲ. ಹುರಿದ ಗೋಡಂಬಿಯ ಜೊತೆ ಚೆನ್ನಾಗಿ ಹೊಂದುತ್ತದೆ, ಕೋಲಾ ಬೆರೆಸುವುದು ಮಾತ್ರ ಶುದ್ಧ ದಂಡ.