24 ಗಂಟೆ ರೇಸಿಗೆ ಮೊದಲು ಯಾವುದು: ಡೈರೆಕ್ಟ್ ಡ್ರೈವ್ ವೀಲಾ, ಲೋಡ್ ಸೆಲ್ ಪೆಡಲಾ?

ಕಂಪ್ಯೂಟರಿನಲ್ಲಿ ಕಾರ್ ರೇಸ್ ಓಡಿಸೋದು ನನ್ನ ಹವ್ಯಾಸ. ಕೈಯಲ್ಲಿ ಇದ್ದದ್ದು 35 ಸಾವಿರ. ನನ್ನ ಹಳೇ ಗೇರ್ ಡ್ರೈವ್ (ಮೋಟಾರಿನ ಬಲ ಹಲ್ಲುಚಕ್ರಗಳ ಮೂಲಕ ಸ್ಟೀರಿಂಗಿಗೆ ಬರುವ) ಸೆಟ್ಟಿನಲ್ಲಿ ಒಂದನ್ನು ಮಾತ್ರ ಬದಲಾಯಿಸಬಹುದಿತ್ತು, ವೀಲ್ ಅಥವಾ ಪೆಡಲ್. ನಾನು ಪೆಡಲ್ ಕೊಂಡೆ. ಇವತ್ತು ಮತ್ತೆ ಅಷ್ಟೇ ದುಡ್ಡು ಕೊಟ್ಟರೂ ಪೆಡಲನ್ನೇ ಕೊಳ್ಳುತ್ತೇನೆ. ಹಾಗಂತ ಡೈರೆಕ್ಟ್ ಡ್ರೈವ್, ಅಂದರೆ ಸ್ಟೀರಿಂಗ್ ನೇರವಾಗಿ ಮೋಟಾರಿಗೇ ಕೂತಿರುವ ವೀಲು, ಅದನ್ನು ಮುಟ್ಟದೆ ಮಾತಾಡುತ್ತಿಲ್ಲ. ನಮ್ಮ ಟೀಮಿನ ಗೆಳೆಯ ಊರಿಗೆ ಹೋಗುವಾಗ ತನ್ನ ಡೈರೆಕ್ಟ್ ಡ್ರೈವ್ ಬೇಸನ್ನು (ವೀಲಿನ ಮೋಟಾರ್ ಇರುವ ಪೆಟ್ಟಿಗೆ) ನನ್ನ ಮನೆಯಲ್ಲಿ ಬಿಟ್ಟು ಹೋಗಿದ್ದ. ಐರೇಸಿಂಗ್ ಅನ್ನೋ ಆನ್‌ಲೈನ್ ರೇಸಿಂಗ್ ಆಟದಲ್ಲಿ ಸ್ಪಾ ಟ್ರ್ಯಾಕಿನ 24 ಗಂಟೆ ರೇಸನ್ನು ಅದರಲ್ಲೇ ಓಡಿಸಿದೆ, ಹಳೇ ಪೆಡಲ್ ಜೊತೆಗೆ. ಆಮೇಲೆ ನ್ಯೂರ್ಬರ್ಗ್‌ರಿಂಗ್ 24 ಗಂಟೆಗೆ ಹಳೇ ವೀಲು, ಹೊಸ ಲೋಡ್ ಸೆಲ್ ಪೆಡಲ್.

ಡೈರೆಕ್ಟ್ ಡ್ರೈವ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಳೇ ವೀಲಿನ ಬಲ ಸುಮಾರು 2 ನ್ಯೂಟನ್ ಮೀಟರ್. ಇದರದ್ದು 5. ಕಾರಿನ ಹಿಂಭಾಗ ಜಾರೋದು ಬೇಗ ಕೈಗೆ ಗೊತ್ತಾಗುತ್ತದೆ. ನನ್ನ ಅತಿ ವೇಗದ ಲ್ಯಾಪ್ ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಭಾಗ ಇಳಿಯಿತು ಕೂಡ. ಆದರೆ ಸರಾಸರಿ ಲ್ಯಾಪ್ ಇದ್ದಲ್ಲೇ ಇತ್ತು.

ಸಹಿಷ್ಣುತೆಯ ರೇಸಿನಲ್ಲಿ ಬೇಕಾಗಿರೋದು ಆ ಸರಾಸರಿಯೇ. ಜಿಟಿ3 (ರಸ್ತೆಯ ಸ್ಪೋರ್ಟ್ಸ್ ಕಾರುಗಳಿಂದ ಮಾಡಿದ ರೇಸ್ ಕಾರುಗಳ ವರ್ಗ) ಕಾರಿಗೆ ಒಂದು ಟ್ಯಾಂಕ್ ಇಂಧನ ಸುಮಾರು ಒಂದು ಗಂಟೆ ಬರುತ್ತದೆ, ಅದೇ ಒಂದು ಸ್ಟಿಂಟ್. ಎರಡು ಸ್ಟಿಂಟ್ ಒಟ್ಟಿಗೆ ಓಡಿಸಿದರೆ ಎರಡು ಗಂಟೆ ಕೂತಲ್ಲೇ. ಟ್ರ್ಯಾಕಿನಿಂದ ಹೊರಗೆ ಹೋದರೆ 1 ಇನ್ಸಿಡೆಂಟ್ ಪಾಯಿಂಟ್ (ತಪ್ಪಿನ ಅಂಕ), ಕಾರು ತಿರುಗಿದರೆ 2, ಇನ್ನೊಂದು ಕಾರಿಗೆ ಜೋರಾಗಿ ಗುದ್ದಿದರೆ 4. ಎಲ್ಲ ಡ್ರೈವರ್‌ಗಳ ಪಾಯಿಂಟೂ ಒಂದೇ ಕಾರಿನ ಲೆಕ್ಕಕ್ಕೆ. ಮಿತಿ ದಾಟಿದರೆ ಇಡೀ ಟೀಮಿಗೆ ಪೆನಾಲ್ಟಿ. ನನ್ನ ಪಾಯಿಂಟುಗಳೆಲ್ಲ ಹೆಚ್ಚಾಗಿ ಬರುತ್ತಿದ್ದದ್ದು ಬ್ರೇಕಿನಲ್ಲಿ.

ಹಳೇ ಪೆಡಲಿನ ಪೊಟೆನ್ಷಿಯೋಮೀಟರ್ ಅಳೆಯೋದು ಪೆಡಲ್ ಎಷ್ಟು ದೂರ ಹೋಯಿತು ಅಂತ. ಲೋಡ್ ಸೆಲ್ ಅಳೆಯೋದು ಎಷ್ಟು ಬಲದಿಂದ ಒತ್ತಿದಿರಿ ಅಂತ. ಕಾಲು ದೂರವನ್ನು ಮರೆಯುತ್ತದೆ, ಬಲವನ್ನು ಅಷ್ಟು ಬೇಗ ಮರೆಯಲ್ಲ. ಸ್ಪಾದಲ್ಲಿ ಹಳೇ ಪೆಡಲಿನಲ್ಲಿ ಕೆಮ್ಮೆಲ್ ಸ್ಟ್ರೈಟ್ ಮುಗಿದು ಲೆ ಕೋಂಬ್ ತಿರುವಿಗೆ ಬರುವಾಗ, ಸ್ಟಿಂಟಿನ ಶುರುವಿನಲ್ಲಿ ಎಲ್ಲ ಸರಿ. ಮುಕ್ಕಾಲು ಗಂಟೆ ಕಳೆದ ಮೇಲೆ ಒಂದು ಲ್ಯಾಪಿನಲ್ಲಿ ಒತ್ತು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ವೀಲ್ ಎಷ್ಟೇ ಒಳ್ಳೇದಿದ್ದರೂ ಅದಕ್ಕೆ ಇಲ್ಲಿ ಕೆಲಸವಿಲ್ಲ. ಲೋಡ್ ಸೆಲ್ ಬಂದ ಮೇಲೆ ಸ್ಟಿಂಟಿನ ಕೊನೆಯ ಲ್ಯಾಪುಗಳೂ ಮೊದಲಿನವುಗಳ ಹಾಗೇ ಬರತೊಡಗಿದವು. ಕತ್ತಲಲ್ಲಿ, ಬ್ರೇಕಿಂಗ್ ಬೋರ್ಡು ಸರಿಯಾಗಿ ಕಾಣದಾಗ, ಇದರ ಬೆಲೆ ಇನ್ನೂ ಜಾಸ್ತಿ.

ಈಗ ತಲೆನೋವಿನ ವಿಷಯ. ಕುರ್ಚಿ.

ಪೂರ್ತಿ ಬ್ರೇಕಿಗೆ 35 ಕೆ.ಜಿ. ಅಂತ ಇಟ್ಟುಕೊಂಡಿದ್ದೆ. ನಾನು ಕೂರೋದು ಚಕ್ರದ ಆಫೀಸ್ ಕುರ್ಚಿಯಲ್ಲಿ. ನೆಲ ನುಣ್ಣನೆಯ ಟೈಲ್ಸ್. ಮೊದಲ ತಿರುವಿಗೆ ಬ್ರೇಕ್ ಒತ್ತಿದರೆ ಕಾರು ನಿಲ್ಲುವ ಬದಲು ನಾನೇ ಹಿಂದಕ್ಕೆ ಹೋದೆ! ಪೆಡಲ್ ಮಾರುವವರು ಯಾರೂ ಇದನ್ನು ಪೆಟ್ಟಿಗೆ ಮೇಲೆ ಬರೆಯಲ್ಲ.

ಚಕ್ರಗಳನ್ನು ಹಳೇ ಬೂಟುಗಳೊಳಗೆ ಇಟ್ಟೆ. ಕುರ್ಚಿ ನಿಂತಿತು, ಈಗ ಪೆಡಲ್ ಮುಂದಕ್ಕೆ ಜಾರತೊಡಗಿತು. ಅದರ ಕೆಳಗೆ ರಬ್ಬರ್ ಮ್ಯಾಟ್ ಹಾಕಿದೆ. ಮ್ಯಾಟ್ ಸಮೇತ ಜಾರಿತು. ಸೂಟ್‌ಕೇಸಿಗೆ ಕಟ್ಟುವ ಬೆಲ್ಟಿನಿಂದ ಕುರ್ಚಿಯ ಕಾಲನ್ನೂ ಪೆಡಲನ್ನೂ ಸೇರಿಸಿ ಬಿಗಿದೆ. ಅದೇನೋ ಕೆಲಸ ಮಾಡಿತು. ಆದರೆ ಡ್ರೈವರ್ ಬದಲಾವಣೆ ಆದ ಮೇಲೆ ಎದ್ದು ನೀರು ಕುಡಿದು ಬರುವಾಗ ಅದೇ ಬೆಲ್ಟಿಗೆ ಎಡವಿದೆ. ಇನ್ನು ಕುರ್ಚಿಯ ಬೆನ್ನು ಬೇರೆ, ಬ್ರೇಕ್ ಒತ್ತಿದಾಗಲೆಲ್ಲ ಹಿಂದಕ್ಕೆ ವಾಲುತ್ತಿತ್ತು.

ಸುಲಭದ ದಾರಿ ಒಂದಿತ್ತು, ಬಲವನ್ನು 20 ಕೆ.ಜಿ.ಗೆ ಇಳಿಸೋದು. ಇಳಿಸಿಯೂ ನೋಡಿದೆ. ಆಗ ಹಳೇ ಪೆಡಲಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಅಷ್ಟು ದುಡ್ಡು ಕೊಟ್ಟಿದ್ದು ಅದಕ್ಕಲ್ಲ, ಅಲ್ವಾ?

ಕೊನೆಗೆ ಬಡಗಿಯ ಹತ್ತಿರ 18 ಮಿ.ಮೀ. ಪ್ಲೈವುಡ್ ಹಲಗೆ ಮಾಡಿಸಿದೆ. ಒಂದು ತುದಿಗೆ ಪೆಡಲನ್ನು ಬೋಲ್ಟ್ ಹಾಕಿ ಕೂರಿಸಿದೆ. ಇನ್ನೊಂದು ತುದಿಯಲ್ಲಿ ನಾಲ್ಕು ಕಾಲಿನ ಮರದ ಊಟದ ಕುರ್ಚಿ, ಅದರ ಹಿಂಗಾಲುಗಳಿಗೆ ಅಡ್ಡವಾಗಿ ಒಂದು ರೀಪು. ಕಾಲು ಮುಂದಕ್ಕೆ ತಳ್ಳುವ ಬಲ, ಬೆನ್ನು ಹಿಂದಕ್ಕೆ ತಳ್ಳುವ ಬಲ ಎರಡೂ ಆ ಹಲಗೆಯಲ್ಲೇ ಮುಗಿದುಹೋಗುತ್ತವೆ. ನೆಲಕ್ಕೆ ಏನೂ ಹೋಗಲ್ಲ. ಖರ್ಚು 2,500 ರೂಪಾಯಿ. ಲೋಡ್ ಸೆಲ್ ಕೊಳ್ಳುವವರು ಇದನ್ನೂ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಸಾಕ್ಸ್ ಹಾಕಿಕೊಳ್ಳಿ, ಬರಿಗಾಲಲ್ಲಿ ಎರಡನೇ ಗಂಟೆಗೆ ಪಾದ ಉರಿಯುತ್ತದೆ.

ಡೈರೆಕ್ಟ್ ಡ್ರೈವ್‌ಗೆ ಈ ರಗಳೆ ಕಮ್ಮಿ. ಮೇಜಿಗೆ ಕ್ಲಾಂಪ್ ಬಿಗಿದರೆ ಆಯಿತು. ಮೇಜು ಸಣ್ಣದಾದರೆ ಮಾನಿಟರ್ ಅಲ್ಲಾಡುತ್ತದೆ, ಅಷ್ಟೇ. ಎರಡು ಗಂಟೆ ಆದ ಮೇಲೆ ಭುಜ ಹಿಡಿದುಕೊಂಡಿತು, ಬಲ ಇಳಿಸಿದೆ.

ಶಬ್ದದಲ್ಲಿ ಮಾತ್ರ ನನ್ನ ಆಯ್ಕೆ ಪೂರ್ತಿ ಸೋಲುತ್ತದೆ. ಗ್ರೀನಿಚ್ ಸಮಯ 12ಕ್ಕೆ ರೇಸ್ ಶುರುವಾದರೆ ನಮಗೆ ಸಂಜೆ 5:30. ಟೀಮಿನಲ್ಲಿ ರಾತ್ರಿ ಸ್ಟಿಂಟುಗಳು ಯಾವಾಗಲೂ ನನ್ನ ಪಾಲಿಗೇ. ನಡುರಾತ್ರಿ ಮೂರಕ್ಕೆ ನ್ಯೂರ್ಬರ್ಗ್‌ರಿಂಗ್‌ನ ಕಾರುಸೆಲ್ ತಿರುವಿನ ಕಾಂಕ್ರೀಟಿನ ಮೇಲೆ ಕಾರು ಹತ್ತಿದಾಗ ನನ್ನ ಗೇರ್ ವೀಲು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತದೆ. ಪಕ್ಕದ ಕೋಣೆಯಿಂದ ಅಮ್ಮ ಬಯ್ಯೋದು ಹೆಡ್‌ಫೋನ್ ದಾಟಿ ಕೇಳಿಸುತ್ತದೆ. ಗೆಳೆಯನ ಬೇಸು ಅದೇ ಹೊತ್ತಿನಲ್ಲಿ ಮೌನಿ.

ನಿಮ್ಮ ಹತ್ತಿರ ಆಗಲೇ ಗಟ್ಟಿ ರಿಗ್ (ಸೀಟು, ಪೆಡಲ್, ವೀಲ್ ಎಲ್ಲ ಕೂರಿಸುವ ಚೌಕಟ್ಟು) ಇದ್ದು, ಬ್ರೇಕ್ ಕೈಕೊಡುತ್ತಿಲ್ಲ ಅಂದರೆ ವೀಲ್ ತಗೊಳ್ಳಿ. ಇಪ್ಪತ್ತು ನಿಮಿಷದ ಸ್ಪ್ರಿಂಟ್ ರೇಸೇ ಜಾಸ್ತಿ ಓಡಿಸುವವರಿಗೂ ವೀಲೇ ಹೆಚ್ಚು ಖುಷಿ ಕೊಡುತ್ತದೆ. ನನ್ನ ಹಾಗೆ ವರ್ಷಕ್ಕೆ ಕೆಲವೇ ಉದ್ದದ ರೇಸ್ ಓಡಿಸಿ, ಟೀಮಿಗೆ ಪೆನಾಲ್ಟಿ ತರಬಾರದು ಅನ್ನುವವರಿಗೆ ಪೆಡಲ್. ಗೆಳೆಯ ಆ ಬೇಸನ್ನು ಮಾರುವ ಮಾತಾಡುತ್ತಿದ್ದಾನೆ. ಅವನು ಹೇಳುವ ಬೆಲೆಗೆ ನಾನಂತೂ ಕೊಳ್ಳಲ್ಲ, ಇನ್ನೊಂದೈದು ಸಾವಿರ ಇಳಿಸಲಿ, ನೋಡೋಣ.